"ಹರ್ನಿಯಾ ಆಪರೇಷನ್ ಎಂದು ಹೇಳಿಬಿಡುತ್ತೇನೆ, ಮೇಡಂ"

ಕಳೆದ ಒಂದೂವರೆ ವರ್ಷದಲ್ಲಿ ಮೂವರು ಗಂಡಸರು ಒಂದೇ ಬೇಡಿಕೆ ಹಿಡಿದು ನನ್ನ ಕೋಣೆಗೆ ಬಂದರು. ಒಬ್ಬರು ಕಡೂರು ಕಡೆಯವರು, ಒಬ್ಬರು ಚಿಕ್ಕಮಗಳೂರು ಪಟ್ಟಣದಲ್ಲಿ ಅಂಗಡಿ ಇಟ್ಟವರು, ಇನ್ನೊಬ್ಬರು ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರರು. ಮೂವರಿಗೂ ಶಿಶ್ನ ನಿಮಿರದ ತೊಂದರೆ. ಮಾತ್ರೆಗಳನ್ನೆಲ್ಲ ನುಂಗಿ ಮುಗಿಸಿ, ಶಿಶ್ನದೊಳಗೆ ಸಾಧನವೊಂದನ್ನು ಕೂರಿಸುವ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಹೊಸ್ತಿಲಿಗೆ ಬಂದು ನಿಂತಿದ್ದರು. "ಆಪ್ತಸಲಹೆಗಾರರನ್ನು ಕಂಡು ಒಂದು ಪತ್ರ ತನ್ನಿ" ಎಂದು ಶಸ್ತ್ರಚಿಕಿತ್ಸಕರು ಕಳುಹಿಸಿದ್ದರು. ಆದ್ದರಿಂದ ಅವರಿಗೆ ನನ್ನಿಂದ ಬೇಕಾಗಿದ್ದದ್ದು ಆ ಪತ್ರವೊಂದೇ. ಕೂತು ಹತ್ತು ನಿಮಿಷವಾಗುವುದರೊಳಗೆ ಮೂವರೂ ದನಿ ತಗ್ಗಿಸಿ ಹೇಳಿದ ಮಾತೂ ಒಂದೇ: "ಮನೆಯವರಿಗೆ ಗೊತ್ತಾಗುವುದು ಬೇಡ."

ಮೂರನೆಯವರು ಹೀಗೆ ಹೇಳಿದ ದಿನವೇ ಇದನ್ನು ಬರೆಯಬೇಕು ಎಂದು ತೀರ್ಮಾನಿಸಿದೆ. ಇಲ್ಲಿ ಬೆಳೆಗಾರರ ಪ್ರಕರಣವನ್ನಷ್ಟೇ ಹೇಳುತ್ತೇನೆ. ದಂಪತಿ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಊರು, ವಯಸ್ಸು, ಜಮೀನಿನ ಅಳತೆ ಮುಂತಾದ ಗುರುತುಗಳನ್ನು ಬದಲಿಸಿದ್ದೇನೆ.

ಅವರಿಗೆ ಐವತ್ತರ ಹತ್ತಿರ. ಆರೇಳು ಎಕರೆ ರೊಬಸ್ಟಾ ಕಾಫಿ, ನಡುವೆ ಮೆಣಸು. ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಹನ್ನೊಂದು ವರ್ಷವಾಗಿತ್ತು. ಮೊದಲ ಆರು ವರ್ಷ ಅದನ್ನು ಕಾಯಿಲೆ ಎಂದೇ ಪರಿಗಣಿಸಿರಲಿಲ್ಲ. ಪಾದಗಳು ಜೋಮು ಹಿಡಿಯಲಾರಂಭಿಸಿದ ಮೇಲೆ ಎಚ್ಚೆತ್ತರು. ಅಷ್ಟರಲ್ಲಿ ಇನ್ನೊಂದು ತೊಂದರೆಯೂ ಶುರುವಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲಿನ "ನರದೌರ್ಬಲ್ಯ, ಗುಪ್ತರೋಗ" ಎಂಬ ಭಿತ್ತಿಪತ್ರ ನೋಡಿ, ಲಾಡ್ಜ್ ಒಂದಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದ ವ್ಯಕ್ತಿಯ ಬಳಿ ಹೋದರು. ಪುಡಿ, ಲೇಹ್ಯ, ಎಣ್ಣೆ ಎಂದು ಒಂದು ಕ್ವಿಂಟಲ್ ಮೆಣಸಿನ ಬೆಲೆಯಷ್ಟು ಹಣ ಅಲ್ಲಿ ಹೋಯಿತು. ಲೈಂಗಿಕ ದೌರ್ಬಲ್ಯ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶ 1954ರಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಎಪ್ಪತ್ತು ವರ್ಷ ಕಳೆದರೂ ಆ ಭಿತ್ತಿಪತ್ರಗಳು ಗೋಡೆ ಬಿಟ್ಟು ಇಳಿದಿಲ್ಲ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲ ಎರಡು ಮೂರು ವರ್ಷಗಳನ್ನು ಕಳೆದುಕೊಂಡಿರುವುದು ಆ ಗೋಡೆಗಳ ಬುಡದಲ್ಲೇ.

ಆಮೇಲೆ ಅವರು ದೊಡ್ಡ ಊರಿನ ಮೂತ್ರರೋಗ ತಜ್ಞರೊಬ್ಬರನ್ನು ಕಂಡರು. ಆ ವೈದ್ಯರು ಕ್ರಮ ತಪ್ಪದೆ ನೋಡಿದ್ದರು ಎನ್ನುವುದು ಇವರ ಕಡತ ತಿರುವಿದಾಗ ನನಗೆ ತಿಳಿಯಿತು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಯನ್ನು ಪೂರ್ಣ ಪ್ರಮಾಣದಲ್ಲಿ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನಗಳಲ್ಲಿ ಹಲವು ಬಾರಿ ಪ್ರಯತ್ನಿಸಿಯಾಗಿತ್ತು. ಅದೇ ಬಗೆಯ ಟಡಾಲಾಫಿಲ್ ಕೊಟ್ಟು ನೋಡಿದ್ದರು. ಶಿಶ್ನಕ್ಕೆ ಚುಚ್ಚುಮದ್ದು ಕೊಟ್ಟು ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿದಾಗ ರಕ್ತ ಸಾಕಷ್ಟು ತುಂಬುತ್ತಿಲ್ಲ ಎಂದು ಬಂದಿತ್ತು. ಗಾಳಿ ಎಳೆದು ಶಿಶ್ನಕ್ಕೆ ರಕ್ತ ತುಂಬಿಸುವ ನಿರ್ವಾತ ಪಂಪನ್ನು ಎರಡು ತಿಂಗಳು ಬಳಸಿ, "ಒಬ್ಬನೇ ಬಚ್ಚಲಿನಲ್ಲಿ ಕೂತು ಅದನ್ನು ಎಷ್ಟು ದಿನ ಮಾಡಲಿ" ಎಂದು ಬಿಟ್ಟಿದ್ದರು. ಬೆಳಗಿನ ಜಾವದ ನಿಮಿರುವಿಕೆಯೂ ಮೂರು ವರ್ಷದಿಂದ ಇರಲಿಲ್ಲ. ಮನಸ್ಸಿನ ಭಯದಿಂದ ಹುಟ್ಟುವ ತೊಂದರೆಯಲ್ಲಿ ನಿದ್ದೆಯಲ್ಲಾದರೂ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಇವರದು ದೇಹದ ಹಾನಿ, ಸಕ್ಕರೆ ರಕ್ತನಾಳಗಳಿಗೂ ನರಗಳಿಗೂ ಮಾಡಿದ ಹಾನಿ. ಇಂಪ್ಲಾಂಟ್ ಒಂದು ದಾರಿ ಎಂದು ತಜ್ಞರು ಹೇಳಿದ್ದರು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಒಂಬತ್ತೂವರೆ ದಾಟಿದ್ದರಿಂದ ಅದನ್ನು ಎಂಟರ ಒಳಗೆ ಇಳಿಸಿ, ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದಿದ್ದರು.

ಹೆಂಡತಿಯನ್ನು ಕರೆದೊಯ್ಯುವ ಬದಲು ಇವರು ನನ್ನ ಬಳಿಗೆ ಬಂದಿದ್ದರು.

"ಆಸ್ಪತ್ರೆಯಲ್ಲಿ ಎರಡು ದಿನ ಇದ್ದರೆ ಸಾಕಂತೆ. ಹರ್ನಿಯಾ ಆಪರೇಷನ್ ಎಂದು ಹೇಳಿಬಿಡುತ್ತೇನೆ, ಮೇಡಂ. ಏಪ್ರಿಲ್‌ಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಅಷ್ಟರೊಳಗೆ ಸರಿಯಾಗಿಬಿಡಬೇಕು."

ಅವರು ಇದನ್ನು ಹೇಳುವಾಗ ಮುಖದಲ್ಲಿ ಕಪಟವಿರಲಿಲ್ಲ. ಹೆಂಡತಿಗೆ ಒಡವೆ ಮಾಡಿಸಿ ಮುಚ್ಚಿಟ್ಟು ಕೊಡುವವರ ಆತುರವಿತ್ತು. ನಾನು ಪತ್ರ ಕೊಡಲು ಒಪ್ಪಲಿಲ್ಲ. ಈ ಶಸ್ತ್ರಚಿಕಿತ್ಸೆಯನ್ನು ಹಾಸಿಗೆ ಹಂಚಿಕೊಳ್ಳುವವರಿಂದ ಮುಚ್ಚಿಡಲಾಗದು, ಮುಚ್ಚಿಟ್ಟರೂ ಅದು ಮೊದಲ ರಾತ್ರಿಯೇ ಬಯಲಾಗುತ್ತದೆ, ಆಗ ಅವರು ಕೇಳುವ ಮೊದಲ ಪ್ರಶ್ನೆ ಆಪರೇಷನ್ ಬಗ್ಗೆ ಇರುವುದಿಲ್ಲ, ಸುಳ್ಳಿನ ಬಗ್ಗೆ ಇರುತ್ತದೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನನ್ನ ಬಾಯಲ್ಲಿ ಬರುವುದಿಲ್ಲ. ಇಲ್ಲಿಗೆ ಕರೆತರುತ್ತೇನೆ, ನೀವೇ ಹೇಳಿ" ಎಂದರು. ನೀವೇ ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ ಎಂಬಲ್ಲಿಗೆ ಮಾತು ನಿಂತಿತು.

ಆ ದಿನ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದ ಒಂದು ಸಾಲನ್ನು ಇಲ್ಲಿ ಹೇಳಲೇಬೇಕು. "ಪತ್ನಿ: 44, ಗರ್ಭಕೋಶ ತೆಗೆಸಿದೆ. ಆಸಕ್ತಿ ಕಡಿಮೆ ಇರಬಹುದು. ಗಂಡನ ಹಟಕ್ಕೆ ಒಪ್ಪಿಕೊಳ್ಳದಂತೆ ನೋಡಿಕೊಳ್ಳಬೇಕು." ಆಕೆಯನ್ನು ನಾನಿನ್ನೂ ನೋಡಿಯೇ ಇರಲಿಲ್ಲ.

ಡಿಸೆಂಬರ್ ಎರಡನೇ ವಾರ, ಕೊಯ್ಲು ಶುರುವಾಗುವ ಮುಂಚೆ, ಇಬ್ಬರೂ ಬಂದರು. ಆಕೆ ಕುರ್ಚಿಯ ಅಂಚಿನಲ್ಲಿ ಕೂತರು. ಗಂಡ ಬಾಯಿ ತೆರೆಯುವ ಮೊದಲೇ ನನ್ನನ್ನು ನೋಡಿ ಹೇಳಿದರು: "ಇವರಿಗೆ ಬೇರೆ ಯಾರಾದರೂ ಇದ್ದರೆ ನೇರವಾಗಿ ಹೇಳಿಬಿಡಿ. ತಡೆದುಕೊಳ್ಳುತ್ತೇನೆ. ಮಗಳ ಮದುವೆಯಾಗುವ ತನಕ ಮನೆಯೊಂದು ಒಡೆಯುವುದು ಬೇಡ."

ನಾಲ್ಕು ವರ್ಷದಿಂದ ಗಂಡ ಹೊರಗಿನ ಕೋಣೆಯಲ್ಲಿ ಮಲಗುತ್ತಿದ್ದರು. ಮೊದಲ ವರ್ಷ ಕಣದಲ್ಲಿ ಹರಡಿದ ಕಾಫಿಗೆ ಕಳ್ಳರ ಕಾಟ ಎಂಬ ಕಾರಣವಿತ್ತು. ಕಾಫಿ ಚೀಲ ತುಂಬಿ, ಸಿಪ್ಪೆ ಬಿಡಿಸುವ ಕ್ಯೂರಿಂಗ್‌ಗೆ ಹೋದ ಮೇಲೂ ಹಾಸಿಗೆ ಒಳಗೆ ಬರಲಿಲ್ಲ. ಆಕೆ ಕೇಳಲಿಲ್ಲ, ಅವರು ಹೇಳಲಿಲ್ಲ. ಊಟ, ತೋಟ, ಆಳುಗಳ ಬಟವಾಡೆ, ಮಗಳ ಫೋನು ಎಲ್ಲವೂ ಎಂದಿನಂತೆ ನಡೆಯುತ್ತಿತ್ತು.

"ನನಗೆ ಆಗುತ್ತಿಲ್ಲ ಕಣೇ" ಎಂದರು ಅವರು. ನೆಲ ನೋಡುತ್ತಲೇ ಹೇಳಿದರು. "ನಾಲ್ಕು ವರ್ಷವಾಯಿತು. ಸಕ್ಕರೆಯಿಂದ ಹೀಗಾಗಿದೆ ಎಂದು ಡಾಕ್ಟರು ಹೇಳಿದರು. ಹತ್ತಿರ ಬಂದರೆ ನೀನು ಕಾಯುತ್ತೀಯ, ನನಗೆ ಆಗುವುದಿಲ್ಲ. ಅದಕ್ಕೇ ಹತ್ತಿರ ಬರುವುದನ್ನೇ ಬಿಟ್ಟೆ."

ಆಕೆ ಅತ್ತಾರು ಎಂದು ನಾನು ನೀರಿನ ಲೋಟ ಮುಂದಿಟ್ಟೆ. ಆಕೆ ಅಳಲಿಲ್ಲ. "ಗರ್ಭಕೋಶ ತೆಗೆಸಿದ ಮೇಲೆ ನಾನು ನಿಮಗೆ ಹೆಂಗಸಾಗಿ ಕಾಣುತ್ತಿಲ್ಲ ಎಂದುಕೊಂಡಿದ್ದೆ" ಎಂದರು. "ಅದೇ ವರ್ಷವಲ್ಲವೇ ನೀವು ಹೊರಗೆ ಮಲಗಲು ಹೋದದ್ದು?" ಗಂಡನಿಗೆ ಆ ಎರಡು ಸಂಗತಿ ಒಂದೇ ವರ್ಷ ನಡೆದದ್ದು ಹೊಳೆದೇ ಇರಲಿಲ್ಲ. ಆಕೆಯ ಆಪರೇಷನ್ ಆಗಿದ್ದು ಮಾರ್ಚ್‌ನಲ್ಲಿ, ಇವರ ಹಾಸಿಗೆ ಹೊರಗೆ ಹೋಗಿದ್ದು ಡಿಸೆಂಬರ್‌ನಲ್ಲಿ. ನಡುವಿನ ಒಂಬತ್ತು ತಿಂಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿಕೊಂಡಿದ್ದರು.

ಆಮೇಲೆ ಇಂಪ್ಲಾಂಟ್ ಎಂದರೇನು ಎಂದು ನಾನು ವಿವರಿಸಿದೆ. ಚಿತ್ರ ಬರೆದು ತೋರಿಸಿದೆ. ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ, ಸ್ಪಂಜಿನಂಥ ಎರಡು ಉದ್ದನೆಯ ಕೋಶಗಳಿರುತ್ತವೆ. ಇಂಪ್ಲಾಂಟನ್ನು ಕೂರಿಸುವುದು ಆ ಕೋಶಗಳೊಳಗೆ. ಒಂದು ಬಗೆಯಲ್ಲಿ ಬಗ್ಗಿಸಬಹುದಾದ ಎರಡು ಕಡ್ಡಿಗಳಿರುತ್ತವೆ. ಅವು ಸದಾ ಗಟ್ಟಿಯಾಗಿಯೇ ಇರುತ್ತವೆ; ಬೇಕಾದಾಗ ಮೇಲಕ್ಕೆ, ಬೇಡವಾದಾಗ ಕೆಳಕ್ಕೆ ಬಾಗಿಸಿಕೊಳ್ಳಬೇಕು. ಇನ್ನೊಂದು ಬಗೆ ನೀರು ತುಂಬುವಂಥದ್ದು. ಅಮೆರಿಕದ ವೈದ್ಯರು 1973ರಲ್ಲಿ ಮೊದಲು ವರದಿ ಮಾಡಿದ್ದು ಈ ಬಗೆಯನ್ನು. ಕೋಶಗಳೊಳಗೆ ಎರಡು ಕೊಳವೆ, ಕಿಬ್ಬೊಟ್ಟೆಯಲ್ಲಿ ಸಲೈನ್ ತುಂಬಿದ ಪುಟ್ಟ ಚೀಲ, ವೃಷಣಚೀಲದೊಳಗೆ ಬೆರಳಿಗೆ ಸಿಗುವ ಒಂದು ಪಂಪು. ಪಂಪನ್ನು ಅದುಮಿದರೆ ನೀರು ಕೊಳವೆಗಳಿಗೆ ಹರಿದು ಶಿಶ್ನ ಗಟ್ಟಿಯಾಗುತ್ತದೆ, ಪಂಪಿನಲ್ಲೇ ಇರುವ ಗುಂಡಿ ಒತ್ತಿದರೆ ಚೀಲಕ್ಕೆ ಹಿಂದಿರುಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನಮ್ಮ ದೇಶದಲ್ಲೇ ತಯಾರಾಗುವ ಕಡ್ಡಿಯ ಇಂಪ್ಲಾಂಟ್ ಅಗ್ಗ. ಹೊರದೇಶದ ಪಂಪಿನ ಬಗೆಗೆ ಹಲವು ಲಕ್ಷ ರೂಪಾಯಿ ಬೇಕು.

ಆಕೆ ಚಿತ್ರವನ್ನು ತಮ್ಮ ಕಡೆಗೆ ಎಳೆದುಕೊಂಡು ನೋಡಿದರು. ಪಂಪಿನ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ಈ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ.

"ಹಾಗಾದರೆ ಮೇಡಂ, ಅದು ನನಗಾಗಿ ಎದ್ದದ್ದೋ, ಗುಂಡಿ ಒತ್ತಿದ್ದಕ್ಕೆ ಎದ್ದದ್ದೋ, ನನಗೆ ಹೇಗೆ ಗೊತ್ತಾಗಬೇಕು?"

ನಾನು ಉತ್ತರ ಹುಡುಕುತ್ತಿದ್ದೆ. ನನ್ನ ಟಿಪ್ಪಣಿಯಲ್ಲಿದ್ದ, ಆಸಕ್ತಿ ಕಡಿಮೆಯಾದ ಹೆಂಗಸು ಈ ಪ್ರಶ್ನೆ ಕೇಳುವವರಲ್ಲ. ಬೇಕು ಎನ್ನುವವರು ಮಾತ್ರ ಕೇಳುವ ಪ್ರಶ್ನೆ ಇದು. ಅವರು ನನ್ನ ಮೌನವನ್ನು ತಪ್ಪಾಗಿ ತಿಳಿದುಕೊಂಡರು. "ಈ ವಯಸ್ಸಿನಲ್ಲಿ ಹೀಗೆ ಕೇಳಬಾರದಿತ್ತೇನೋ" ಎಂದು ಸೆರಗು ಸರಿಮಾಡಿಕೊಂಡರು. ಕೇಳಬೇಕಾದದ್ದನ್ನೇ ಕೇಳಿದ್ದೀರಿ ಎಂದು ನಾನು ಹೇಳುತ್ತಿದ್ದಂತೆ ಗಂಡ ಮಾತನಾಡಿದರು. ಆ ದಿನ ಅವರು ಮೊದಲ ಬಾರಿಗೆ ಹೆಂಡತಿಯ ಮುಖ ನೋಡಿದ್ದು ಆಗ.

"ಹೂಮಳೆ ಬಾರದ ವರ್ಷ ನಾವು ಏನು ಮಾಡುತ್ತೇವೆ? ಹೊಳೆಗೆ ಮೋಟಾರು ಇಟ್ಟು, ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತೇವೆ. ಒಂದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅದನ್ನು ಮೋಟಾರಿನ ಹೂ ಎನ್ನುತ್ತೀಯೇನು? ಗಿಡದ್ದೇ ಹೂ ಅಲ್ಲವೇ?"

ಆಕೆ ತಕ್ಷಣ ಒಪ್ಪಲಿಲ್ಲ. ತೋಟ ಅವರಿಗೂ ಗೊತ್ತು.

"ಗಿಡದಲ್ಲಿ ಮೊಗ್ಗು ಇದ್ದರೆ ತಾನೇ ನೀರು ಹೊಡೆದಾಗ ಹೂ ಬಿಡುವುದು? ಮೊಗ್ಗೇ ಕೂರದ ಗಿಡಕ್ಕೆ ರಾತ್ರಿಯಿಡೀ ಮೋಟಾರು ಓಡಿಸಿದರೂ ಏನು ಬಂತು? ನಾಲ್ಕು ವರ್ಷದಲ್ಲಿ ಒಂದು ದಿನ ನನ್ನ ಕೈ ಹಿಡಿದಿಲ್ಲ ನೀವು. ಕೈ ಹಿಡಿಯಲು ಯಾವ ಆಪರೇಷನ್ ಬೇಕಿತ್ತು?"

ಇಷ್ಟು ಹೇಳಿ ಸುಮ್ಮನಾದರು. ಹೊರಗೆ ಶಾಲೆ ಬಿಟ್ಟ ಮಕ್ಕಳ ಗಲಾಟೆ. ಅವರಿಬ್ಬರೂ ಮತ್ತೆ ಮಾತನಾಡಲು ಏಳೆಂಟು ನಿಮಿಷ ಹಿಡಿಯಿತು. ಆ ಏಳೆಂಟು ನಿಮಿಷ ನಾನು ಬಾಯಿ ಹಾಕಲಿಲ್ಲ. ಹೊರಡುವಾಗ ಆಕೆ ಬಾಗಿಲಲ್ಲಿ ತಿರುಗಿ ನಿಂತು, ಗಂಡ ಮೆಟ್ಟಿಲಿಳಿದ ಮೇಲೆ, "ಆಪರೇಷನ್ ಬೇಡ ಎಂದು ನಾನು ಹೇಳಲಿಲ್ಲ ಮೇಡಂ. ಅದನ್ನು ನೀವು ಹಾಗೆ ಬರೆದುಕೊಳ್ಳಬೇಡಿ" ಎಂದರು.

ಸಕ್ಕರೆ ಇಳಿಸಿಕೊಂಡು, ಇಬ್ಬರೂ ಒಪ್ಪಿದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ನಾನು ಕೊಟ್ಟ ಸಲಹೆಗೆ ಆಮೇಲೆ ನನ್ನ ವೃತ್ತಿಯ ಇಬ್ಬರು ಗೆಳತಿಯರಿಂದಲೇ ಆಕ್ಷೇಪ ಬಂತು. ಆಪ್ತಸಲಹೆಗಾರರು ಚಾಕುವಿಗೆ ದಾರಿ ಮಾಡಿಕೊಡಬಾರದು, ಇನ್ನಷ್ಟು ಕಾಲ ಸಲಹೆ ನೀಡಬೇಕಿತ್ತು ಎಂದು ಒಬ್ಬರು ಹೇಳಿದರು. ಅಷ್ಟು ನೊಂದ ಮನುಷ್ಯನನ್ನು ಏಳೆಂಟು ತಿಂಗಳು ಕಾಯಿಸಿದ್ದು ಸರಿಯೇ ಎಂದು ಇನ್ನೊಬ್ಬರು ಕೇಳಿದರು. ಇಬ್ಬರಿಗೂ ಉತ್ತರಿಸುವುದು ನನ್ನ ಹೊಣೆ.

ಮೊದಲ ಆಕ್ಷೇಪದ ಬಗ್ಗೆ. ನಿಮಿರುವಿಕೆಯ ತೊಂದರೆಯೆಲ್ಲ ಮನಸ್ಸಿನದು ಎಂಬ ನಂಬಿಕೆ ನಮ್ಮ ಕ್ಷೇತ್ರದಲ್ಲಿ ಇನ್ನೂ ಬಲವಾಗಿದೆ. ಇಪ್ಪತ್ತೈದು ವರ್ಷದ ಹುಡುಗ ಮದುವೆಯಾದ ಹೊಸದರಲ್ಲಿ ಹೆದರಿ ಬಂದರೆ ಹಾಗೆ ಯೋಚಿಸುವುದು ನ್ಯಾಯ. ಅಂಥವರಿಗೆ ಇಂಪ್ಲಾಂಟ್ ಮಾತೆತ್ತಿದವರನ್ನು ನಾನೇ ತಡೆಯುತ್ತೇನೆ, ತಡೆದಿದ್ದೇನೆ. ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 40ರಿಂದ 70 ವಯಸ್ಸಿನವರ ಪೈಕಿ ನೂರಕ್ಕೆ 52 ಮಂದಿಗೆ ಅಲ್ಪವೋ ಅಧಿಕವೋ ಈ ತೊಂದರೆ ಕಂಡುಬಂದಿತ್ತು. ಅವರಲ್ಲಿ ಎಲ್ಲರಿಗೂ ಮನಸ್ಸು ಕೆಟ್ಟಿತ್ತೇ? ಸಕ್ಕರೆ, ರಕ್ತದೊತ್ತಡ, ಬೀಡಿ ಸಿಗರೇಟು, ಹೃದಯದ ಕಾಯಿಲೆ ಎಲ್ಲವೂ ಇದರ ಹಿಂದಿವೆ. ರಕ್ತನಾಳ ಕಟ್ಟಿಹೋದ ಮನುಷ್ಯನನ್ನು ಕೂರಿಸಿಕೊಂಡು ವಾರವಾರವೂ ಅವನ ಬಾಲ್ಯ ಕೆದಕುತ್ತಾ, ಧೈರ್ಯ ತಂದುಕೊಳ್ಳಿ ಎನ್ನುತ್ತಾ ಹೋದರೆ ತೊಂದರೆಯ ಹೊಣೆಯನ್ನೂ ಅವನ ಹೆಗಲಿಗೇ ಹೊರಿಸಿದಂತೆ. ದೇಹದ ಹಾನಿಗೆ ದೇಹದ ಚಿಕಿತ್ಸೆ ಕೇಳುವುದು ಅವನ ಹಕ್ಕು. ಮಂಡಿ ಸವೆದವರಿಗೆ ಕೀಲು ಬದಲಿಸಿ ಎನ್ನಲು ನಮಗೆ ಸಂಕೋಚವಿಲ್ಲ. ಇಲ್ಲೇಕೆ?

ಎರಡನೆಯ ಆಕ್ಷೇಪದ ಬಗ್ಗೆ. ಕಾಯಿಸಿದ್ದಕ್ಕೆ ಕಾರಣಗಳಿದ್ದವು. ಈ ಶಸ್ತ್ರಚಿಕಿತ್ಸೆ ಹಿಂದಿರುಗಿ ಬರಲಾಗದ ದಾರಿ. ಇಂಪ್ಲಾಂಟ್ ಕೂರಿಸುವಾಗ ಸ್ಪಂಜಿನಂಥ ಆ ಕೋಶಗಳು ತಮ್ಮ ಮೂಲ ರೂಪ ಕಳೆದುಕೊಳ್ಳುತ್ತವೆ. ನಾಳೆ ಕಾರಣಾಂತರದಿಂದ ಅದನ್ನು ತೆಗೆಸಬೇಕಾಗಿ ಬಂದರೆ ಅಳಿದುಳಿದ ಸಹಜ ನಿಮಿರುವಿಕೆಯೂ ಇರುವುದಿಲ್ಲ, ಮಾತ್ರೆ ಚುಚ್ಚುಮದ್ದುಗಳೂ ಫಲ ಕೊಡುವುದಿಲ್ಲ. ಸೋಂಕು ತಗುಲಿದರೆ ಸಾಮಾನ್ಯವಾಗಿ ತೆಗೆಯಲೇಬೇಕು. ಮೊದಲ ಬಾರಿಯ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಒಬ್ಬರಿಂದ ಮೂವರಿಗೆ ಆಗಬಹುದಾದ ಈ ಸೋಂಕು, ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಹೆಚ್ಚು. ಒಂಬತ್ತೂವರೆಯ ಎಚ್‌ಬಿಎ1ಸಿ ಇಟ್ಟುಕೊಂಡು ಮದುವೆಯ ವಾರ್ಷಿಕೋತ್ಸವದ ತಾರೀಕಿಗೆ ಆಪರೇಷನ್ ಹೊಂದಿಸುವುದನ್ನು ನಾನು ಹೇಗೆ ಒಪ್ಪಲಿ?

ಹೃದಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ ಎಂದೆ. ಇದನ್ನು ಓದುತ್ತಿರುವ ಗಂಡಸರು ಇಲ್ಲಿ ಸ್ವಲ್ಪ ನಿಲ್ಲಬೇಕು. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಅಗಲ ಒಂದೆರಡು ಮಿಲಿಮೀಟರ್, ಹೃದಯದ ನಾಳದ್ದು ಮೂರು ನಾಲ್ಕು. ಒಳಗೆ ಕೊಬ್ಬು ಕಟ್ಟುವ ಕಾಯಿಲೆ ಎರಡಕ್ಕೂ ಒಂದೇ. ಕಿರಿದಾದದ್ದು ಮೊದಲು ಕಟ್ಟುತ್ತದೆ. ಹಾಗಾಗಿ ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ ನಿಮಿರುವಿಕೆಯ ತೊಂದರೆ, ಕೆಲವು ವರ್ಷಗಳ ನಂತರ ಬರಲಿರುವ ಹೃದಯಾಘಾತದ ಮುನ್ಸೂಚನೆ ಆಗಿರಬಹುದು. ನಾಚಿಕೆಯಿಂದ ಲಾಡ್ಜಿನ ಮೆಟ್ಟಿಲು ಹತ್ತಿದವರಿಗೆ ಈ ಎಚ್ಚರಿಕೆ ತಲುಪುವುದೇ ಇಲ್ಲ. ಔಷಧದಂಗಡಿಯಿಂದ ಚೀಟಿಯಿಲ್ಲದೆ ಮಾತ್ರೆ ಕೊಂಡು ನುಂಗುವವರಿಗೂ ಅಷ್ಟೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಸಿಲ್ಡೆನಾಫಿಲ್ ಮುಟ್ಟಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಆಕೆಗೆ ಕೊಟ್ಟ ಸಲಹೆ ಬೇರೆಯೇ. ಅದನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಆಕೆಯ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರು. ಹಾಗೆ ತೆಗೆದ ಮೇಲೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇಳಿದುಹೋಗುತ್ತದೆ, ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ. ನಾಲ್ಕು ವರ್ಷ ಮಿಲನವಿಲ್ಲದ ದೇಹ. ಗಂಡನಿಗೆ ಶಸ್ತ್ರಚಿಕಿತ್ಸೆ ಮಾಡಿ ಸಜ್ಜುಗೊಳಿಸಿ, ಆಕೆಯನ್ನು ಹಾಗೆಯೇ ಬಿಟ್ಟರೆ ಮೊದಲ ದಿನವೇ ಆಕೆಗೆ ನೋವಾಗುತ್ತದೆ. ನೋವನ್ನು ಆಕೆ ನುಂಗಿಕೊಳ್ಳುತ್ತಾರೆ, ಗಂಡ ಅದನ್ನು ಬೇಸರವೆಂದು ತಿಳಿಯುತ್ತಾನೆ, ಲಕ್ಷಗಟ್ಟಲೆ ಸುರಿದ ಇಂಪ್ಲಾಂಟ್ ಮತ್ತೆ ಹೊರಗಿನ ಕೋಣೆಗೆ ಹೋಗುತ್ತದೆ. ಸ್ತ್ರೀರೋಗ ತಜ್ಞೆಯನ್ನು ಕಾಣಿ ಎಂದೆ. ಹಚ್ಚುವ ಹಾರ್ಮೋನ್ ಮುಲಾಮು ಕೊಡಬಹುದೇ ಎಂದು ಅವರು ತೀರ್ಮಾನಿಸುತ್ತಾರೆ. ಸಾದಾ ಜಾರುಕ ಜೆಲ್ ಔಷಧದಂಗಡಿಯಲ್ಲೇ ಸಿಗುತ್ತದೆ. "ಇದಕ್ಕೂ ಔಷಧಿ ಇದೆಯೇ?" ಎಂದು ಆಕೆ ಕೇಳಿದ ರೀತಿ ನನ್ನನ್ನು ಇಂದಿಗೂ ಕಾಡುತ್ತದೆ. ಆಪರೇಷನ್ ಮುಗಿಸಿ ಮನೆಗೆ ಕಳುಹಿಸುವಾಗ ಯಾರೂ ಹೇಳಿರಲಿಲ್ಲ. ನಲವತ್ತರ ಹೆಂಗಸಿಗೆ ಇದನ್ನು ಹೇಳುವ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೆ, ನನ್ನ ಟಿಪ್ಪಣಿ ಪುಸ್ತಕ ಸಾಕ್ಷಿ.

ಇಬ್ಬರಿಗೂ ಸೇರಿಸಿ ಕೊಟ್ಟದ್ದು ಸ್ಪರ್ಶದ ಅಭ್ಯಾಸ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು ರೂಪಿಸಿದ ಈ ಕ್ರಮ ಐವತ್ತು ವರ್ಷದಿಂದ ಬಳಕೆಯಲ್ಲಿದೆ. ವಾರದಲ್ಲಿ ಎರಡು ರಾತ್ರಿ ಒಂದೇ ಹಾಸಿಗೆ. ಮುಟ್ಟಬಹುದು, ತಲೆಗೆ ಎಣ್ಣೆ ಹಚ್ಚಬಹುದು, ಬೆನ್ನು ಒತ್ತಬಹುದು. ಮಿಲನದ ಪ್ರಯತ್ನ ಮಾತ್ರ ಮಾಡಕೂಡದು. ಪರೀಕ್ಷೆಯೇ ಇಲ್ಲ ಎಂದಾಗ ಸೋಲಿನ ಭಯವೂ ಇರುವುದಿಲ್ಲ. ಇದರಿಂದ ಅವರ ರಕ್ತನಾಳ ಸರಿಯಾಗುತ್ತದೆ ಎಂದು ನಾನು ಹೇಳಲಿಲ್ಲ. ಆಕೆಯ ಪ್ರಶ್ನೆಗೆ ಉತ್ತರ ಬೇರೆಲ್ಲೂ ಸಿಗಲಾರದು ಎಂಬ ಕಾರಣಕ್ಕೆ ಹೇಳಿದೆ. ಇಂಪ್ಲಾಂಟ್ ಶಿಶ್ನವನ್ನು ಗಟ್ಟಿ ಮಾಡುತ್ತದೆ, ಅಷ್ಟೇ. ಬಯಕೆಯನ್ನು ಅದು ಹುಟ್ಟಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ಸ್ಪರ್ಶದ ಅರಿವು, ಸುಖದ ತುದಿ, ವೀರ್ಯಸ್ಖಲನ ಮೊದಲು ಹೇಗಿದ್ದವೋ ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಉದ್ದ ಹೆಚ್ಚುವುದಿಲ್ಲ, ಯೌವನದಲ್ಲಿದ್ದದ್ದಕ್ಕಿಂತ ತುಸು ಗಿಡ್ಡವೆಂದೇ ಹಲವರಿಗೆ ಅನ್ನಿಸುತ್ತದೆ. ತುದಿಯ ಭಾಗ ಮೊದಲಿನಂತೆ ಉಬ್ಬದೆ ಇರಬಹುದು. ಇವನ್ನೆಲ್ಲ ಇಬ್ಬರೂ ಒಟ್ಟಿಗೆ ಕೂತು ಮೊದಲೇ ಕೇಳಿಸಿಕೊಂಡಿರಬೇಕು.

ಮೂರನೇ ಭೇಟಿಯಲ್ಲಿ ಗಂಡ ಒಂದು ದೂರು ತಂದರು. "ಎಣ್ಣೆ ಹಚ್ಚಿಸಿಕೊಂಡು ನಿದ್ದೆ ಹೋಗಿಬಿಡುತ್ತಾಳೆ ಮೇಡಂ." ಆಕೆ ನಕ್ಕರು. ಆ ನಗುವನ್ನು ನೋಡಿ ಪತ್ರದ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದುಕೊಂಡೆ.

ಜನವರಿ, ಫೆಬ್ರವರಿ ಕೊಯ್ಲಿನಲ್ಲಿ ಕಳೆಯಿತು. ಏಪ್ರಿಲ್‌ನ ವಾರ್ಷಿಕೋತ್ಸವಕ್ಕೆ ಆಪರೇಷನ್ ಇರಲಿಲ್ಲ. ಇಬ್ಬರೂ ಶೃಂಗೇರಿ, ಹೊರನಾಡಿಗೆ ಹೋಗಿ ಬಂದರು. ಮೇ ತಿಂಗಳಲ್ಲಿ ಎಚ್‌ಬಿಎ1ಸಿ 7.4ಕ್ಕೆ ಇಳಿಯಿತು. ನಾನು ಪತ್ರ ಬರೆದೆ. ಶಸ್ತ್ರಚಿಕಿತ್ಸಕರು ಕೇಳಿರದಿದ್ದರೂ ಕೆಳಗೆ ಇಬ್ಬರ ಸಹಿ ಹಾಕಿಸಿದೆ. ಎರಡು ಬಗೆಯನ್ನೂ ಕೈಯಲ್ಲಿ ಹಿಡಿದು ನೋಡದೆ ತೀರ್ಮಾನಿಸಬೇಡಿ ಎಂದು ಹೇಳಿ ಕಳುಹಿಸಿದೆ. ತೋಟದ ಕೆಲಸದಲ್ಲಿ ಒರಟಾದ, ಸ್ವಲ್ಪ ಜೋಮೂ ಇದ್ದ ಅವರ ಬೆರಳಿಗೆ ಪಂಪು ಸರಿಯಾಗಿ ಸಿಗುತ್ತದೆಯೇ ಎಂಬ ಅನುಮಾನ ವೈದ್ಯರಿಗಿತ್ತು. ಕಡ್ಡಿಯ ಬಗೆಯೇ ಒಳಿತು ಎಂಬಲ್ಲಿಗೆ ಮಾತು ಬಂದಾಗ ಆಕೆ ಕೇಳಿದರಂತೆ: "ಪಂಪನ್ನು ನಾನು ಒತ್ತಬಹುದೇ?" ಒತ್ತಬಹುದು, ಹೆಂಡತಿಯರಿಗೂ ಕಲಿಸುತ್ತೇವೆ ಎಂದರಂತೆ ವೈದ್ಯರು. ಹಾಗೆ ಪಂಪಿನ ಬಗೆಯೇ ಆಯಿತು. ಎರಡು ಕ್ವಿಂಟಲ್ ಮೆಣಸು ಹೆಚ್ಚಿಗೆ ಮಾರಬೇಕಾಯಿತು ಎಂದರು. ಸಾಲ ಮಾಡಲಿಲ್ಲ, ಜಮೀನು ಮುಟ್ಟಲಿಲ್ಲ. ಅದನ್ನೂ ನಾನು ಮೊದಲೇ ಕೇಳಿ ತಿಳಿದುಕೊಂಡಿದ್ದೆ.

ಜುಲೈನಲ್ಲಿ, ಮಳೆ ಹಿಡಿದು ತೋಟದಲ್ಲಿ ಹೆಚ್ಚಿನ ಕೆಲಸವಿಲ್ಲದಾಗ, ಶಸ್ತ್ರಚಿಕಿತ್ಸೆ ನಡೆಯಿತು. ಆರು ವಾರ ಭಾರ ಎತ್ತಬಾರದು, ಮಿಲನವೂ ಕೂಡದು. ಮೊದಲ ಹತ್ತು ದಿನ ನೋವು, ಊತ ಹೆಚ್ಚೇ ಇತ್ತು. ಸೋಂಕಾಗಲಿಲ್ಲ. ನಾಲ್ಕು ತಿಂಗಳ ಬಳಿಕ ಬಂದಾಗ ಅವರಿಗೆ "ಮೊದಲಿಗಿಂತ ಗಿಡ್ಡವಾಗಿದೆ" ಎಂಬ ಕೊರಗು ಉಳಿದಿತ್ತು. ಆಕೆಗೆ ಅದು ತಿಳಿದೇ ಇರಲಿಲ್ಲವಂತೆ. ಸ್ತ್ರೀರೋಗ ತಜ್ಞೆಯ ಮುಲಾಮು ನಡೆಯುತ್ತಿತ್ತು. ಯಂತ್ರವಾದ್ದರಿಂದ ಹತ್ತು ಹದಿನೈದು ವರ್ಷದಲ್ಲಿ ಕೆಟ್ಟು ಬದಲಿಸಬೇಕಾಗಬಹುದು ಎಂಬುದನ್ನು ಇಬ್ಬರೂ ಬಲ್ಲರು. ಹೊರಗಿನ ಕೋಣೆಯಲ್ಲಿ ಈಗ ಮೆಣಸಿನ ಚೀಲಗಳಿವೆ.

ಮೊದಲು ಹೇಳಿದ ಮೂವರಲ್ಲಿ ಕಡೂರಿನವರು ಹೆಂಡತಿಗೆ ಹೇಳಿದ್ದಾರೆ. ಅವರ ಮಾತುಕತೆ ನಡೆಯುತ್ತಿದೆ. ಆ ಹೆಂಡತಿ ಶಸ್ತ್ರಚಿಕಿತ್ಸೆ ಬೇಡ ಎನ್ನುತ್ತಿದ್ದಾರೆ. ಅದೂ ಒಂದು ಉತ್ತರವೇ. ಆ ಉತ್ತರದ ಜೊತೆ ಬದುಕುವುದು ಹೇಗೆಂದು ಇಬ್ಬರೂ ನನ್ನೆದುರೇ ಜಗಳವಾಡುತ್ತಾರೆ. ಪಟ್ಟಣದ ಅಂಗಡಿಯವರು ಮಾತ್ರ, ಪತ್ರ ಕೊಡಲಾರೆ ಎಂದ ದಿನ ಎದ್ದು ಹೋದವರು, ಮತ್ತೆ ಬಂದಿಲ್ಲ. ಕರೆ ಮಾಡಿದರೆ ಎತ್ತುವುದಿಲ್ಲ. ಅವರ ಕಡತ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಇದು ಅವರ ಕಣ್ಣಿಗೆ ಬಿದ್ದರೆ ಅವರಿಗೆ ಹೇಳುವುದಿಷ್ಟು: ಸಂಜೆ ಐದರ ನಂತರ ನಾನು ಕೋಣೆಯಲ್ಲೇ ಇರುತ್ತೇನೆ. ಅಂಗಡಿಯನ್ನು ಒಂದು ಗಂಟೆ ಹುಡುಗನ ಕೈಗೆ ಬಿಟ್ಟು, ಇಬ್ಬರೂ ಬನ್ನಿ.